ಕೈ ಪಳಗುವುದೆಂದರೆ

ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಪರಿಣತಿ ಬರುತ್ತದೆಂಬ ಲೆಕ್ಕಕ್ಕೆ ಕ್ರೀಡಾ ತರಬೇತಿಯಲ್ಲಿ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು. ಲೇಖಕ ಮಾಲ್ಕಮ್ ಗ್ಲಾಡ್‌ವೆಲ್ 2008ರಲ್ಲಿ ಮನೆಮಾತಾಗಿಸಿದ ಆ ಸಂಖ್ಯೆ, ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರ 1993ರ ಪಿಟೀಲು ವಾದಕರ ಅಧ್ಯಯನದ ಒಂದು ಸರಾಸರಿ ಮಾತ್ರ. ತಮ್ಮನ್ನು ತಪ್ಪಾಗಿ ಓದಲಾಗಿದೆಯೆಂದು ಎರಿಕ್ಸನ್ನರೇ ತಕರಾರು ತೆಗೆದರು. ಇದೆಲ್ಲ ಗೊತ್ತಿದ್ದದ್ದೇ. ಆ ಗಂಟೆಗಳಲ್ಲಿ ಮೈ ಕಲಿಯುವುದಾದರೂ ಏನನ್ನು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಸೋವಿಯತ್ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ (1896–1966) ಮಾತ್ರ ಮೈದಾನದಲ್ಲಿ ಹೆಚ್ಚಿನವರ ಬಾಯಲ್ಲಿ ಇಲ್ಲ.

1920ರ ದಶಕ, ಮಾಸ್ಕೋ. ಅಲೆಕ್ಸೇಯ್ ಗಾಸ್ತೆವ್ ನಡೆಸುತ್ತಿದ್ದ ಕೇಂದ್ರ ಶ್ರಮ ಸಂಸ್ಥೆಗೆ ಎಲ್ಲ ಕೆಲಸಗಾರರಿಗೂ ಕಲಿಸಬಹುದಾದ ಒಂದೇ ಅಚ್ಚಿನ ಹೊಡೆತ ಬೇಕಿತ್ತು. ಅಲ್ಲಿ ಚಾಣಕ್ಕೆ ಸುತ್ತಿಗೆ ಬೀಸುವ ನುರಿತವನ ತೋಳಿಗೂ ಸುತ್ತಿಗೆಗೂ ಬರ್ನ್‌ಸ್ಟೈನ್ ಪುಟ್ಟ ಬಲ್ಬು ಕಟ್ಟಿ, ಚಲನೆಯನ್ನು ಬೆಳಕಿನ ಚುಕ್ಕೆಗಳಾಗಿ ಫಿಲ್ಮಿನಲ್ಲಿ ಹಿಡಿದರು. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ಬಂದಿತ್ತು. ಕೀಲುಗಳ ಹಾದಿ ಅದಕ್ಕಿಂತ ಹೆಚ್ಚು ಬದಲಾಗಿತ್ತು.

ಇಲ್ಲಿ ತುಸು ನಿಲ್ಲಬೇಕು. ಭುಜ, ಮೊಣಕೈ, ಮಣಿಕಟ್ಟು ತಂತಮ್ಮ ಪಾಡಿಗೆ ತಪ್ಪುತ್ತಿದ್ದರೆ ಆ ತಪ್ಪುಗಳೆಲ್ಲ ಕೂಡಿ ತುದಿಯಲ್ಲೇ ಅಲುಗಾಟ ಅತಿ ಹೆಚ್ಚಾಗಬೇಕಿತ್ತು. ಆಗಲಿಲ್ಲ. ಭುಜ ಎಡವಿದ್ದನ್ನು ಮೊಣಕೈ, ಮೊಣಕೈ ಬಿಟ್ಟದ್ದನ್ನು ಮಣಿಕಟ್ಟು ತುಂಬಿಕೊಡುತ್ತಿತ್ತು. ಪಳಗಿದ ಕೈ ಅದೇ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಬಿಡಿಸುತ್ತದೆ. ಎಲ್ಲ ಹುಡುಗರ ಮೊಣಕೈಯನ್ನೂ ಒಂದೇ ಕೋನಕ್ಕೆ ತಿದ್ದುವ ಕೋಚ್ ಈ ಚುಕ್ಕೆಗಳನ್ನೊಮ್ಮೆ ನೋಡಬೇಕು.

ಇದನ್ನೇ ಹಿಡಿದು ಬರ್ನ್‌ಸ್ಟೈನರ ಇಂದಿನ ಕೆಲವು ಅಭಿಮಾನಿಗಳು ಡ್ರಿಲ್ಲೇ ದಂಡ, ಆಟವೇ ಎಲ್ಲವನ್ನೂ ಕಲಿಸುತ್ತದೆ ಎನ್ನುತ್ತಾರೆ. ಇದು ಅರ್ಧ ಓದು. ಹೊಸಬ ಕೀಲುಗಳನ್ನು ಬಿಗಿಹಿಡಿಯುತ್ತಾನೆ, ಬರಬರುತ್ತ ಸಡಿಲಿಸುತ್ತಾನೆ, ಕೊನೆಗೆ ಮೈಯ ತೂಕ, ವೇಗಗಳನ್ನೇ ದುಡಿಸಿಕೊಳ್ಳುತ್ತಾನೆ ಎಂದು ತೋರಿಸಿಕೊಟ್ಟವರೂ ಅವರೇ. ಸಾವಿರ ಸಲ ಮಾಡದೆ ಆ ಸಡಿಲ ಬರುವುದಿಲ್ಲ. ಮತ್ತೆ ಮತ್ತೆ ಮಾಡುವುದನ್ನು ಅವರು ತಳ್ಳಿಹಾಕಲಿಲ್ಲ, ಅದಕ್ಕೆ ಅರ್ಥ ಕೊಟ್ಟರು. ಅವರ ಸುತ್ತಿಗೆಗೆ ಎದುರಾಳಿ ಇರಲಿಲ್ಲ, ನಿಜ. ಬೌಲರನ ಕೈ ಓದುವ ಕಣ್ಣಿನ ಬಗ್ಗೆ ಈ ಪ್ರಯೋಗ ಏನನ್ನೂ ಹೇಳದು. ಅದರಿಂದ ಮೇಲಿನ ಮಾತಿನ ಬೆಲೆ ತಗ್ಗುವುದಿಲ್ಲ.

1948ರಲ್ಲಿ ಸ್ಟಾಲಿನ್ ಪ್ರಶಸ್ತಿ ಪಡೆದ ಬರ್ನ್‌ಸ್ಟೈನ್ ಮುಂದೆ ಪಾವ್ಲೋವ್ ಸಿದ್ಧಾಂತವನ್ನು ಪ್ರಶ್ನಿಸಿದ್ದಕ್ಕಾಗಿ ಕೆಲಸ ಕಳೆದುಕೊಂಡರು. ಸಾಮಾನ್ಯ ಓದುಗರಿಗೆಂದು ಕೈಚಳಕದ ಬಗ್ಗೆ ಬರೆದ ಪುಸ್ತಕ 1991ರಲ್ಲಷ್ಟೇ ಹೊರಬಂತು. ಅಲ್ಲಿಯವರೆಗೆ ಕೋಚ್‌ಗಳಿಗೆ ಅದು ಸಿಗದಿದ್ದದ್ದು ಇತಿಹಾಸದ ಅನ್ಯಾಯ. ಸಿಕ್ಕ ಮೇಲೂ ಗಡಿಯಾರ ನೋಡುತ್ತ ಕೂತಿದ್ದರೆ, ತಪ್ಪು ನಮ್ಮದು.