ಮನ್ಸೂರನ ಕೊಕ್ಕರೆ ಮತ್ತು ಸ್ವಂತ ಶೈಲಿಯ ಪ್ರಶ್ನೆ

ನಮ್ಮ ಚಿತ್ರಪ್ರದರ್ಶನಗಳಲ್ಲಿ ನಿಸರ್ಗಚಿತ್ರದ ಮುಂದೆ ನಿಂತವರಿಂದ ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. ‘ಥೇಟ್ ಫೋಟೋ ಇದ್ದ ಹಾಗಿದೆ’ ಎಂಬುದು ಹೊಗಳಿಕೆ. ‘ಇದರಲ್ಲಿ ಕಲಾವಿದನ ಸ್ವಂತದ್ದೇನಿದೆ?’ ಎಂಬುದು ಆಕ್ಷೇಪ. ಎರಡರ ಬೇರೂ ಒಂದೇ: ಪ್ರಕೃತಿಯನ್ನು ಇದ್ದಂತೆ ಬರೆಯುವವನಿಗೆ ತನ್ನದೇ ಶೈಲಿ ಇರಲಾರದು ಎಂಬ ನಂಬಿಕೆ. ಮೊಗಲ್ ದರ್ಬಾರಿನ ಉಸ್ತಾದ್ ಮನ್ಸೂರನ ಚಿತ್ರಗಳ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ.

ಮನ್ಸೂರ್ ಕೆಲಸ ಕಲಿತದ್ದು ಅಕ್ಬರನ ಚಿತ್ರಶಾಲೆಯಲ್ಲಿ. ಅಲ್ಲಿ ಒಬ್ಬ ರೇಖೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ. ‘ಅಕ್ಬರ್‌ನಾಮಾ’ದ ಪುಟಗಳಲ್ಲಿ ಮನ್ಸೂರನ ಹೆಸರು ಬಣ್ಣ ತುಂಬಿದವರ ಸಾಲಿನಲ್ಲಿದೆ. ಜಹಾಂಗೀರನ ಕಾಲಕ್ಕೆ (1605–1627) ಗಾಳಿ ಬದಲಾಯಿತು. ಒಂದೇ ಮುಖವನ್ನು ಹಲವರು ಬರೆದಿದ್ದರೂ ಕಣ್ಣು ಯಾರದು, ಹುಬ್ಬು ಯಾರದು ಎಂದು ತಾನು ಹೇಳಬಲ್ಲೆನೆಂದು ಈ ಬಾದಶಹ ತನ್ನ ಆತ್ಮಕಥನದಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ. ಅಂದರೆ ಹಕ್ಕಿಯ ಗರಿಗರಿಯ ಲೆಕ್ಕ ಕೇಳುತ್ತಿದ್ದ ದೊರೆಯೇ ಬರೆದ ಕೈಯ ಗುರುತನ್ನೂ ಹುಡುಕುತ್ತಿದ್ದ. ಮನ್ಸೂರನಿಗೆ ಅವನು ಕೊಟ್ಟ ಬಿರುದು ‘ನಾದಿರುಲ್ ಅಸ್ರ್’, ಯುಗದ ವಿಸ್ಮಯ.

1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ಟರ್ಕಿ ಕೋಳಿ ತಂದ. ಅಮೆರಿಕ ಮೂಲದ ಆ ಹಕ್ಕಿಯನ್ನು ದರ್ಬಾರಿನಲ್ಲಿ ಯಾರೂ ಕಂಡಿರಲಿಲ್ಲ. ಬರೀ ವರ್ಣನೆ ಸಾಲದೆಂದು ಬಾದಶಹ ಅದರ ಚಿತ್ರವನ್ನೂ ಬರೆಸಿದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಮನ್ಸೂರನ ಟರ್ಕಿ ಕೋಳಿಯಲ್ಲಿ ಕುತ್ತಿಗೆಯ ಸುಕ್ಕು ಚರ್ಮ ಮುಟ್ಟಿದರೆ ಕೈಗೆ ಸಿಗುವಂತಿದೆ. ಆದರೆ ಹಿಂದೆ ಕಾಡಿಲ್ಲ, ಅರಮನೆಯ ತೋಟವಿಲ್ಲ. ಇಷ್ಟೆಲ್ಲ ಬಿಡುವ ಧೈರ್ಯ ನಕಲುಗಾರನಿಗೆ ಬರುವುದಿಲ್ಲ.

ನಮ್ಮ ಮಟ್ಟಿಗೆ ಅವನ ಶ್ರೇಷ್ಠ ಚಿತ್ರ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿರುವ ಸೈಬೀರಿಯಾದ ಬಿಳಿ ಕೊಕ್ಕರೆ. ಯುರೋಪಿನ ವಿಜ್ಞಾನ ಈ ಹಕ್ಕಿಗೆ ಹೆಸರಿಟ್ಟದ್ದು 1773ರಲ್ಲಿ. ಅದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲೇ ಮನ್ಸೂರ್ ಅದರ ಬರಿಮುಖದ ಕೆಂಪನ್ನೂ ಕಾಲಿನ ಚರ್ಮದ ಗೆರೆಗಳನ್ನೂ ಬರೆದಿಟ್ಟಿದ್ದ. ಬಿಳಿ ಹಕ್ಕಿಯನ್ನು ಬರೆಯುವುದು ಕಷ್ಟ. ಹೆಚ್ಚು ತಿದ್ದಿದರೆ ಬಿಳಿ ಕೊಳೆಯಾಗುತ್ತದೆ, ತಿದ್ದದಿದ್ದರೆ ಹಕ್ಕಿ ಕಾಗದದ ತುಂಡಾಗುತ್ತದೆ. ಅವನ ಕೂದಲೆಳೆಯ ಕುಂಚ ಗರಿಯ ಅಂಚನ್ನು ಮಾತ್ರ ಸವರಿ ಸುಮ್ಮನಾಗುತ್ತದೆ. ಆ ಸಂಯಮವೇ ಅವನ ಶೈಲಿ.

ಎಲ್ಲ ಚಿತ್ರಗಳೂ ಈ ಎತ್ತರದವಲ್ಲ. 1621ರ ಜೀಬ್ರಾ ನಮಗೆ ವರದಿಯಂತೆ ಕಾಣುತ್ತದೆ. ಪಟ್ಟೆಗಳನ್ನು ಯಾರೋ ಬಳಿದಿದ್ದಾರೆಂದು ದರ್ಬಾರಿನಲ್ಲಿ ಗುಮಾನಿಯಿತ್ತಂತೆ. ಅದನ್ನು ನೀಗಿಸುವ ಹೊಣೆ ಚಿತ್ರದ ಮೇಲೂ ಬಿದ್ದಂತಿದೆ.

1620ರಲ್ಲಿ ಕಾಶ್ಮೀರದಲ್ಲಿ ಅವನು ನೂರಕ್ಕೂ ಹೆಚ್ಚು ಹೂಗಳನ್ನು ಬರೆದನೆಂದು ಜಹಾಂಗೀರನೇ ದಾಖಲಿಸಿದ್ದಾನೆ. ಉಳಿದಿರುವುದು ಬೆರಳೆಣಿಕೆಯಷ್ಟು, ಅಲಿಗಢದ ಮೌಲಾನಾ ಆಜಾದ್ ಗ್ರಂಥಾಲಯದ ಕೆಂಪು ಟ್ಯುಲಿಪ್ ಅವುಗಳಲ್ಲೊಂದು. ಯುರೋಪಿನ ಮುದ್ರಿತ ಹೂಚಿತ್ರಗಳು ಆಗಲೇ ದರ್ಬಾರಿಗೆ ಬಂದಿದ್ದವು. ಒಂದೇ ಗಿಡವನ್ನು ಬಿಡಿಯಾಗಿ ನಿಲ್ಲಿಸುವ ಕ್ರಮದಲ್ಲಿ ಅವುಗಳ ಪ್ರಭಾವವಿದೆ. ಆದರೆ ನೆರಳು ಬೆಳಕಿನ ಆಟವನ್ನು ಮನ್ಸೂರ್ ಅಲ್ಲಿಂದ ತರಲಿಲ್ಲ. ಮೊಬೈಲಿನ ಫೋಟೋವನ್ನು ಮಗ್ಗುಲಲ್ಲಿಟ್ಟುಕೊಂಡು ಅದರ ನೆರಳನ್ನೂ ಮಸುಕನ್ನೂ ಒಂದೂ ಬಿಡದೆ ಕ್ಯಾನ್‌ವಾಸಿಗೆ ಇಳಿಸುವ ನಮ್ಮ ಯುವ ಕಲಾವಿದರು ಇದನ್ನು ಗಮನಿಸಬೇಕು.

ಭರತಪುರಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಆ ಬಿಳಿ ಕೊಕ್ಕರೆಗಳು 2002ರ ನಂತರ ಬರಲಿಲ್ಲ. ಡೋಡೋ ಎಂಬ ಹಕ್ಕಿಯಂತೂ ಭೂಮಿಯಿಂದಲೇ ಅಳಿದು ಮುನ್ನೂರು ವರ್ಷ ದಾಟಿದೆ. ಅದು ಹೇಗಿತ್ತೆಂದು ತಿಳಿಯಲು ಪ್ರಾಣಿಶಾಸ್ತ್ರಜ್ಞರು ಇಂದಿಗೂ ನೋಡುವ ಚಿತ್ರಗಳಲ್ಲಿ ಒಂದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಸಹಿಯಿಲ್ಲ. ಆದರೂ ವಿದ್ವಾಂಸರು ಅದನ್ನು ಮನ್ಸೂರನದೆಂದು ಹೇಳುತ್ತಾರೆ, ಕೈಯ ಗುರುತು ಹಿಡಿದು.