ಕರವೀರದ ನಾಡಿನ ಕಣಗಿಲೆ

ಕೊಲ್ಲಾಪುರದ ಹಳೆಯ ಹೆಸರು ಕರವೀರ. ತಾಲ್ಲೂಕಿನ ಹೆಸರು ಇವತ್ತಿಗೂ ಅದೇ. ವೈದ್ಯರ ನಿಘಂಟಿನಲ್ಲಿ ಮಾತ್ರ ಕರವೀರವೆಂದರೆ ಕಣಗಿಲೆ. ಮರಾಠಿ ಬಾಯಲ್ಲಿ ಕಣ್ಹೇರ. ತಾಮ್ರಪರ್ಣಿ ದಂಡೆಯ ಕೋವಾಡದಿಂದ ಗಡಹಿಂಗ್ಲಜದವರೆಗೆ, ಎರಡೂ ಭಾಷೆ ಬಲ್ಲ ಮನೆಗಳಲ್ಲಿ ಎರಡೂ ಹೆಸರು ನಡೆಯುತ್ತವೆ.

ಹಿತ್ತಲಿಗೆ ಇದರಷ್ಟು ಸುಲಭವಾಗಿ ಒಲಿಯುವ ಗಿಡ ಕಡಿಮೆ. ಗೇಣುದ್ದದ ಟೊಂಗೆ ಊರಿದರೆ ಸಾಕು, ಬೇಸಿಗೆಯ ಬಿರುಬಿಸಿಲಲ್ಲೂ ಬಿಳಿ, ಕೆಂಪು, ಗುಲಾಬಿ ಗೊಂಚಲು. ಶಿವಪೂಜೆಯ ಬುಟ್ಟಿ ತುಂಬುವ ಹೂವಿದು. ದನ ಬಾಯಿ ಹಾಕುವುದಿಲ್ಲವೆಂದು ಹೆದ್ದಾರಿಯ ನಡುವೆಯೂ ನೆಡುತ್ತಾರೆ. ದನ ಏಕೆ ಮುಟ್ಟುವುದಿಲ್ಲ ಎಂದು ಕೇಳಿಕೊಂಡರೆ ಗಿಡದ ಗುಣ ತಿಳಿಯುತ್ತದೆ.

ಸುಶ್ರುತ ಸಂಹಿತೆ ಬೇರಿನ ವಿಷಗಳನ್ನು ಎಣಿಸುವಾಗ ಇದನ್ನು ಅಶ್ವಮಾರ, ಅಂದರೆ ಕುದುರೆಯನ್ನು ಕೊಲ್ಲುವುದು ಎಂದು ಕರೆಯಿತು. ಆಯುರ್ವೇದ ಇದನ್ನು ಉಪವಿಷಗಳಲ್ಲಿ ಸೇರಿಸಿ, ಹಸುವಿನ ಹಾಲಿನಲ್ಲಿ ಶೋಧಿಸಿದ ಮೇಲೆಯೇ ಬಳಸಬೇಕೆಂದಿತು. ಅಲ್ಲೂ ಇದರ ಹೆಸರುವಾಸಿ ಉಪಯೋಗ ಹೊರಮೈಗೆ: ಇಸುಬು, ಗಜಕರ್ಣ, ಕಜ್ಜಿಗೆ ಎಣ್ಣೆಯಾಗಿ. ಹಳ್ಳಿಮದ್ದು ಈ ತಿಳಿವಳಿಕೆಯ ಅರ್ಧವನ್ನಷ್ಟೇ ಉಳಿಸಿಕೊಂಡಿದೆ. ಬೇರು ತೇಯ್ದು ಹಚ್ಚುವುದು ನೆನಪಿದೆ, ಶೋಧನೆ ಮರೆತಿದೆ. ಒಡೆದ ಚರ್ಮದ ಮೇಲೆ ಆ ಗಂಧ ಹಚ್ಚಬಾರದು. ಹಾವು ಕಡಿದಾಗ ಅದನ್ನು ನಂಬಿ ಕೂರುವುದಂತೂ ಜೀವ ಉಳಿಸುವ ಹೊತ್ತನ್ನೇ ಕಳೆದಂತೆ.

ಕಣಗಿಲೆಯಲ್ಲಿರುವ ಓಲಿಯಾಂಡ್ರಿನ್ ಎಂಬ ವಿಷ ಹೃದಯದ ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಕೆಲಸವೂ ಇದೇ. ಆದರೆ ಆ ಮಾತ್ರೆಯಲ್ಲಿರುವುದು ಕಾಲು ಮಿಲಿಗ್ರಾಂ, ಅಳೆದದ್ದು. ಅಷ್ಟಾಗಿಯೂ ವೈದ್ಯರು ನಾಡಿ ನೋಡುತ್ತ, ರಕ್ತ ಪರೀಕ್ಷಿಸುತ್ತ ಕೊಡುತ್ತಾರೆ. ಒಂದು ಎಲೆಯಲ್ಲಿ ಎಷ್ಟಿದೆಯೆಂದು ಯಾವ ಅಜ್ಜಿಯ ಕೈಯೂ ಅಳೆಯಲಾರದು. ಕುದಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಹಾಗಾಗಿ ಕಷಾಯದ ಮಾತೇ ಬೇಡ. 2020ರಲ್ಲಿ ಓಲಿಯಾಂಡ್ರಿನ್ ಕೋವಿಡ್‌ಗೆ ಮದ್ದು ಎಂಬ ಪ್ರಚಾರ ಅಮೆರಿಕದಲ್ಲಿ ಎದ್ದಾಗ, ಅದನ್ನು ಪೂರಕ ಆಹಾರವಾಗಿ ಮಾರಲು ಅಲ್ಲಿನ ಔಷಧ ಆಡಳಿತ ಒಪ್ಪಲಿಲ್ಲ. 2024ರ ಮೇನಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ಈ ಹೂವನ್ನು ನೈವೇದ್ಯ, ಪ್ರಸಾದಗಳಿಂದ ದೂರವಿಟ್ಟಿತು. ಪೂಜೆಗೆ ಅಡ್ಡಿಯಿಲ್ಲ, ಬಾಯಿಗೆ ಬೇಡ ಎಂಬ ಆ ಗೆರೆ ನಮ್ಮ ಮನೆಗಳಿಗೂ ಸರಿ.

ಬೇಲಿಯ ಹಳದಿ ಕಣಗಿಲೆ ಅಮೆರಿಕ ಖಂಡದಿಂದ ಬಂದ ಬೇರೆ ಗಿಡ, ಅದೂ ಹೃದಯಕ್ಕೆ ವಿಷ. ಅದರ ಕಾಯಿ ಮಕ್ಕಳ ಆಟಕ್ಕೆ ಸಿಗಬಾರದು. ಸವರಿದ ಟೊಂಗೆಯನ್ನು ಮೇವಿನ ಬಳಿ ಬಿಡಬೇಡಿ; ಹಸಿರೆಲೆ ಮುಟ್ಟದ ಎತ್ತು ಒಣಗಿದ್ದನ್ನು ಹುಲ್ಲಿನ ಜೊತೆ ತಿಂದುಬಿಡುತ್ತದೆ. ಯಾರಾದರೂ ತಿಂದರೆ ವಾಂತಿ ಮಾಡಿಸುತ್ತ ಕೂರದೆ, ಗಿಡದ ಒಂದು ಚೂರನ್ನೂ ಹಿಡಿದು, ಇಸಿಜಿ ಇರುವ ಆಸ್ಪತ್ರೆಗೆ ಓಡಿ.

ನನ್ನ ಹಿತ್ತಲಲ್ಲಿ ಬಿಳಿ ಕಣಗಿಲೆ ಇದೆ, ಇರುತ್ತದೆ. ಹೂ ಬಿಡಿಸಿದ ಮೇಲೆ ಕೈ ತೊಳೆದೇ ಒಲೆಯ ಹತ್ತಿರ ಹೋಗುವುದು ಮನೆಯ ಕಟ್ಟಳೆ.