ಫೋನು ಕೊಟ್ಟ ನೆನಪು

ಮೊನ್ನೆ ಮುಂಜಾನೆ ಫೇಸ್‌ಬುಕ್ ನನಗೊಂದು ನೆನಪು ಕೊಟ್ಟಿತು. ಒಂಬತ್ತು ವರ್ಷದ ಹಿಂದಿನ ಫೋಟೋ. ನಮ್ಮ ಕುರುಗೋಡಿನ ದೊಡ್ಡಬಸವೇಶ್ವರ ತೇರು, ಮುಂದೆ ನಾನು, ಪಕ್ಕದಲ್ಲಿ ಅವ್ವ. ಅವ್ವ ಈಗಿಲ್ಲ. ಕಣ್ಣು ತುಂಬಿತು. ಆದರೆ ಆ ದಿನ ಅವಳು ಏನು ಮಾತಾಡಿದಳೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ನೋಡಿದ ತೇರಿನ ಒಂದು ಫೋಟೋವೂ ಇಲ್ಲ. ಅದು ಮಾತ್ರ ಪೂರ್ತಿ ಇದೆ. ಉತ್ತತ್ತಿ ಎಸೆಯುವಾಗ ಅವ್ವ ನನ್ನ ಕೈ ಹಿಡಿದು, "ಕಳಸಕ್ಕ ಗುರಿ ಇಡವ್ವ, ಮಂದಿ ತಲಿಗಲ್ಲ" ಎಂದು ಬೈದದ್ದು ಕೂಡ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳು ಕೆಲವನ್ನು ಸುಮ್ಮನೆ ನೋಡಿದರು, ಕೆಲವಕ್ಕೆ ಫೋಟೋ ಹೊಡೆದರು. ಮರುದಿನ ಕೇಳಿದರೆ ಫೋಟೋ ಹೊಡೆದವೇ ಕಡಿಮೆ ನೆನಪಿದ್ದವು. ಒಂದು ಭಾಗವನ್ನೇ ಹತ್ತಿರಕ್ಕೆ ತಂದು ಹೊಡೆದಾಗ ಮಾತ್ರ ಆ ನಷ್ಟ ಕಾಣಲಿಲ್ಲ. ಹಾಗಾದರೆ ತಪ್ಪು ಕ್ಯಾಮೆರಾದ್ದಲ್ಲ, ನೋಡುವ ಕೆಲಸವನ್ನು ಅದಕ್ಕೆ ವಹಿಸಿಬಿಟ್ಟವರದು.

ಫೇಸ್‌ಬುಕ್ ಈ ನೆನಪಿನ ಸೌಕರ್ಯವನ್ನು 2015ರಲ್ಲಿ ತಂದಿತು. ನನ್ನ ತಕರಾರು ಇಷ್ಟೇ: ಅದು ಹೊಸ ಸೀರೆ ಉಟ್ಟ ದಿನಗಳನ್ನಷ್ಟೇ ತಿರುಗಿ ತರುತ್ತದೆ. ಜಾತ್ರೆಯ ಹಿಂದಿನ ರಾತ್ರಿಯೆಲ್ಲ ರೊಟ್ಟಿ ಬಡಿದು ಸೊಂಟ ಹಿಡಿದುಕೊಂಡ ಅವ್ವನನ್ನು ನಾನು ಯಾವತ್ತೂ ಹಾಕಲಿಲ್ಲ, ಅದು ತರುವುದೂ ಇಲ್ಲ. ಊರಿನವರಿಗೆ ನಾನು ಅಕ್ಕೋರು, ಇಂಥವರ ಮಗಳು. ಅಲ್ಲಿ ಮಾತ್ರ ಸದಾ ಹಬ್ಬ ಮಾಡುವ ಹೆಂಗಸು.

ಇನ್ನು ಅಂಜಿಕೆ. ವಾಟ್ಸಾಪ್‌ನಲ್ಲಿ 2014ರಲ್ಲಿ ನೀಲಿ ಗೆರೆ ಬಂದ ಮೇಲೆ "ಕಾಗದ ಮುಟ್ಟಲಿಲ್ಲ" ಎಂಬ ನೆಪವೂ ಹೋಯಿತು. ನೋಡಿಯೂ ಯಾಕೆ ಉತ್ತರಿಸಲಿಲ್ಲ ಎಂದು ಗೆಳತಿಯರು ಮುನಿಸಿಕೊಳ್ಳುತ್ತಾರೆ. ಹುಡುಗಿಯರನ್ನೇ ಯಾಕೆ ಅನ್ನಲಿ? ಹೋದ ದೀಪಾವಳಿಗೆ ನಾನೇ ಒಂದು ಫೋಟೋ ಹಾಕಿ, ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತ ಲೈಕು ಎಣಿಸಿದೆ. ಸಹೋದ್ಯೋಗಿಯೊಬ್ಬಳಿಗೆ ಹೆಚ್ಚು ಬಂದವೆಂದು ಸಂಜೆ ಅದನ್ನು ತೆಗೆದೂಬಿಟ್ಟೆ. ಐವತ್ತಾರರ ಹೆಂಗಸು! ಲೈಕಿನ ಲೆಕ್ಕ ಬಚ್ಚಿಡುವ ಅನುಕೂಲವನ್ನು ಇನ್‌ಸ್ಟಾಗ್ರಾಂ 2021ರಲ್ಲಿ ಕೊಟ್ಟಿತು. ಎಲ್ಲಿ ಚುಚ್ಚುತ್ತದೆಂಬುದು ಮಾಡಿದವರಿಗೂ ಗೊತ್ತಿರಬೇಕು.

ಹಾಗೆಂದು ಫೋನನ್ನು ಬಾವಿಗೆ ಎಸೆಯಿರಿ ಎನ್ನಲಾರೆ. 2020ರ ಲಾಕ್‌ಡೌನಿನಲ್ಲಿ ದೂರ ಕೊಟ್ಟ ಹೆಣ್ಣುಮಕ್ಕಳಿಗೆ ತವರು ಕಂಡದ್ದು ಅದರಲ್ಲೇ.

ಈ ಸಲ ತೇರಿಗೆ ಫೋನು ಬಿಟ್ಟು ಹೋದೆ. ಮನೆಗೆ ಬಂದಾಗ ತಮ್ಮನ ಮಗಳು, "ಫೋಟೋ ಎಲ್ಲಿ ಅತ್ತೀ?" ಎಂದಳು. ಇಲ್ಲವೆಂದು, ಕಂಡದ್ದನ್ನೆಲ್ಲ ಹೇಳುತ್ತ ಕೂತೆ. ಅರ್ಧಕ್ಕೆ ಅವಳ ಫೋನು ಸದ್ದು ಮಾಡಿತು. ಮಾತು ನಿಲ್ಲಿಸಿ ನಾನೂ ಇಣುಕಿದೆ.